ಕಿತ್ತಳೆ ಕಣ್ಣಿನ ನೊಣಗಳು

ಪ್ರಯೋಗಶಾಲೆಯ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲ ವಾರ ಯಾರೂ ಹೇಳದ ಮಾತೊಂದಿದೆ. ಅಲ್ಲಿನ ದಿನದ ಮುಕ್ಕಾಲು ಪಾಲು ತೊಳೆಯುವುದು, ಕುದಿಸುವುದು, ಚೀಟಿ ಅಂಟಿಸುವುದು ಇಷ್ಟರಲ್ಲೇ ಮುಗಿಯುತ್ತದೆ. ನಾನು ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೂವತ್ತೊಂದು ವರ್ಷ ತಾಂತ್ರಿಕ ಸಹಾಯಕಿಯಾಗಿದ್ದೆ. ಕೊನೆಯ ಹತ್ತೊಂಬತ್ತು ವರ್ಷ, ಪಾರ್ಕಿನ್ಸನ್ಸ್ ಕಾಯಿಲೆ ಯಾಕೆ ಬರುತ್ತದೆ ಎಂದು ಹುಡುಕುವ ಗುಂಪಿನಲ್ಲಿದ್ದೆ. ಹೀಗೆ ಹೇಳಿದಾಗ ನೆಂಟರು ಕಣ್ಣರಳಿಸುತ್ತಾರೆ. ಅಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ, ನೊಣ ಸಾಕುತ್ತಿದ್ದೆ ಎನ್ನುತ್ತೇನೆ. ಆಮೇಲೆ ಮಾತು ಬೇರೆ ಕಡೆ ತಿರುಗುತ್ತದೆ.

ಬಾಳೆಹಣ್ಣು ಕಳಿತರೆ ಅದರ ಸುತ್ತ ಹಾರಾಡುವ, ಎಳ್ಳುಕಾಳಿನಷ್ಟು ಸಣ್ಣ ನೊಣವನ್ನು ನೀವೆಲ್ಲ ನೋಡಿರುತ್ತೀರಿ. ಅದನ್ನು ಗಾಜಿನ ಬಾಟಲಿಗಳಲ್ಲಿ ಸಾಕಬೇಕು. ಮೆಕ್ಕೆಜೋಳದ ಹಿಟ್ಟು, ಬೆಲ್ಲ, ಯೀಸ್ಟ್, ಗಟ್ಟಿಯಾಗಲು ಅಗರ್ ಪುಡಿ ಸೇರಿಸಿ ದೊಡ್ಡ ಪಾತ್ರೆಯಲ್ಲಿ ಗಂಜಿ ಕಾಯಿಸಿ, ಬಿಸಿ ಇರುವಾಗಲೇ ಬಾಟಲಿಗಳಿಗೆ ಸುರಿದು, ಆರಿದ ಮೇಲೆ ಹತ್ತಿಯ ಬಿರಡೆ ಹಾಕಬೇಕು. ವಾರಕ್ಕೆ ಎರಡು ಸಲ ಈ ಅಡುಗೆ. ವಿಜಯಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಪುಣೆಯ ಬಿಬವೇವಾಡಿಗೆ ಬಂದ ನನಗೆ ಮನೆಯಲ್ಲೊಂದು ಅಡುಗೆ, ಕೆಲಸದಲ್ಲೊಂದು ಅಡುಗೆ. ಮನೆಯದಕ್ಕೆ ಉಪ್ಪು ಹೆಚ್ಚು, ಖಾರ ಕಡಿಮೆ ಎಂದು ಹೆಸರಿಡುವವರಿದ್ದರು. ನೊಣಗಳು ಒಂದು ದಿನವೂ ಹೆಸರಿಟ್ಟದ್ದಿಲ್ಲ.

ನನ್ನ ಹೆಸರು ಇಂದುಮತಿ. ಲ್ಯಾಬಿನಲ್ಲಿ ಎಲ್ಲರೂ ಇಂದೂತಾಯಿ ಎನ್ನುತ್ತಿದ್ದರು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಮುಂದೆ ಸಂಶೋಧನೆಗೆಂದು ತುಮಕೂರಿನಿಂದ ಬಂದ ಚೈತ್ರಾ ಎಂಬ ಹುಡುಗಿ, ಇಲ್ಲಿ ವಿಜ್ಞಾನಿಗಳೂ ಈಕೆಯನ್ನು ಅಮ್ಮ ಎನ್ನುತ್ತಾರಲ್ಲ ಎಂದು ಮೊದಲ ದಿನ ಬೆರಗಾಗಿದ್ದಳಂತೆ. ಆ ಹುಡುಗಿಯ ಕಥೆಯನ್ನೇ ಮುಖ್ಯವಾಗಿ ಹೇಳಬೇಕಾಗಿದೆ. ಅದಕ್ಕೆ ಮೊದಲು ನಾನು ಬಾಯಿ ಮುಚ್ಚಿಕೊಂಡಿದ್ದ ಒಂದು ಪ್ರಸಂಗ ಹೇಳಿಬಿಡುತ್ತೇನೆ.

ನಾನು ಸೇರಿದಾಗ ವಿಭಾಗದ ಮುಖ್ಯಸ್ಥರು ಒಬ್ಬ ಹಿರಿಯ ಪ್ರಾಧ್ಯಾಪಕರು. ಎಲ್ಲರಿಗೂ ಅವರು ಸರ್. ಬಾಗಿಲಲ್ಲಿ ನಿಂತೇ ಯಾವ ಬಾಟಲಿಗೆ ಬೂಷ್ಟು ಹಿಡಿದಿದೆ ಎಂದು ಮೂಗಿನಿಂದ ಹೇಳಬಲ್ಲವರು. ಅವರ ಕೂಗು ಮೂರನೆಯ ಮಹಡಿಯವರೆಗೆ ಕೇಳಿಸುತ್ತಿತ್ತು. ಆಗ ನಾನು ತಾತ್ಕಾಲಿಕ ನೌಕರಳು. ನಮ್ಮ ಯಜಮಾನರು ಮಾರ್ಕೆಟ್ ಯಾರ್ಡಿನ ಒಂದು ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಒಮ್ಮೆ ಲ್ಯಾಬಿಗೆ ಬರಬೇಕಾದ ಹಿಟ್ಟು ತಡವಾದಾಗ, ಅವರಿಗೆ ಹೇಳಿ ಪಕ್ಕದ ಗೋದಾಮಿನಿಂದ ಒಂದು ಚೀಲ ಮೆಕ್ಕೆಜೋಳದ ಹಿಟ್ಟು ತರಿಸಿಕೊಂಡೆ. ಗಂಜಿ ಕಾಯಿಸಿದೆ. ಎರಡನೆಯ ದಿನಕ್ಕೆ ಬಾಟಲಿಗಳ ತಳದಲ್ಲಿ ನೊಣಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು. ಒಂದು ಸಾಲು ಪೂರ್ತಿ ಹೋಯಿತು.

ಸರ್ ಬಂದು ನೋಡಿದರು. ಕೋಣೆಯ ಉಷ್ಣತೆ ಏರಿರಬೇಕು ಎಂದು ಎ.ಸಿ. ರಿಪೇರಿಯವನನ್ನು ಕರೆಸಿ, ಎಲ್ಲರ ಎದುರಿಗೆ ಬೈದರು. ಅವನ ಹೆಸರು ಸಾಳುಂಖೆ. ಎ.ಸಿ. ಸರಿಯಿದೆ ಎಂದು ಅವನು ಮೂರು ಸಲ ಹೇಳಿದ. ಯಾರೂ ಕೇಳಲಿಲ್ಲ. ಅಂದು ಸಂಜೆ ಹಿಟ್ಟಿನ ಚೀಲ ಕಟ್ಟುವಾಗ ನೋಡಿದೆ, ಬಾಯಿ ತೆರೆದಿಟ್ಟ ಆ ಚೀಲದ ಹತ್ತಿರ ಒಂದು ಇರುವೆಯೂ ಸುಳಿದಿರಲಿಲ್ಲ. ಗೋದಾಮಿನಲ್ಲಿ ಹುಳ ಹತ್ತದಂತೆ ಏನೋ ಔಷಧ ಹೊಡೆದಿದ್ದರು. ನನಗೆ ಎಲ್ಲ ತಿಳಿಯಿತು. ಚೀಲವನ್ನು ಸದ್ದಿಲ್ಲದೆ ಎಸೆದೆ. ಸಾಳುಂಖೆಯನ್ನು ಆಮೇಲೆ ಕರೆಯಲಿಲ್ಲ, ಅವನ ಜಾಗಕ್ಕೆ ಬೇರೆಯವನು ಬಂದ. ಹೇಳಿದ್ದರೆ ಸರ್ ನನ್ನನ್ನು ತೆಗೆದುಹಾಕುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಹೇಳದೆ ಉಳಿದ ನನಗೆ ಆ ಮನುಷ್ಯನ ಮುಖ ಮಾತ್ರ ಮರೆಯಲಿಲ್ಲ.

ಸರ್ ನಿವೃತ್ತರಾದ ಕೆಲವು ವರ್ಷಗಳ ಮೇಲೆ ಮೇಡಂ ಬಂದರು. ಹಳೇ ಪುಣೆಯ ಸದಾಶಿವ ಪೇಟೆಯ ಮನೆಯವರು, ಸಣ್ಣ ಧ್ವನಿ, ಮರಾಠಿಯಲ್ಲಿ ಎಲ್ಲರಿಗೂ ಬಹುವಚನ. ಪಾರ್ಕಿನ್ಸನ್ಸ್ ಕೆಲಸ ಶುರುವಾದದ್ದು ಅವರಿಂದ. ಮೊದಲ ದಿನವೇ ನನ್ನನ್ನೂ, ಬಾಟಲಿ ತೊಳೆಯುವ, ನಾವೆಲ್ಲ ಮಾಮಾ ಎನ್ನುತ್ತಿದ್ದ ನೌಕರನನ್ನೂ ಕೂರಿಸಿಕೊಂಡು ವಿಷಯ ವಿವರಿಸಿದರು. ಯಾವುದಕ್ಕೆ ಎಂದು ಗೊತ್ತಿಲ್ಲದೆ ಬಾಟಲಿ ತೊಳೆಯಬಾರದು ಎಂಬುದು ಅವರ ನಿಯಮ.

ನನಗೆ ಅರ್ಥವಾದಷ್ಟು ಹೇಳುತ್ತೇನೆ. ಮಿದುಳಿನ ನಡುಭಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳ ಒಂದು ಸಣ್ಣ ಗುಂಪಿದೆ. ಕೈಕಾಲು ನಾವು ಹೇಳಿದಂತೆ ಸಲೀಸಾಗಿ ಆಡಲು ಅದು ಬೇಕು. ಈ ಕಾಯಿಲೆಯಲ್ಲಿ ಆ ಕೋಶಗಳು ವರ್ಷಗಟ್ಟಲೆ ಒಂದೊಂದಾಗಿ ಸಾಯುತ್ತವೆ. ಕೈ ನಡುಗಿ ವೈದ್ಯರ ಹತ್ತಿರ ಹೋಗುವ ಹೊತ್ತಿಗೆ ಬಹಳಷ್ಟು ಹೋಗಿಬಿಟ್ಟಿರುತ್ತವೆ. ಯಾಕೆ ಸಾಯುತ್ತವೆ? ಸತ್ತ ಕೋಶಗಳ ಒಳಗೆ ಸಿನ್ಯೂಕ್ಲಿನ್ ಎಂಬ ಪ್ರೋಟೀನು ಗಂಟುಗಂಟಾಗಿ ಕೂತಿರುತ್ತದೆ. ಎಲ್ಲರ ಮಿದುಳಿನಲ್ಲೂ ಇರುವ ಪ್ರೋಟೀನೇ ಅದು. ಯಾಕೋ ಕೆಲವರಲ್ಲಿ ಅದು ಮಡಚಿಕೊಳ್ಳುವ ರೀತಿ ಕೆಡುತ್ತದೆ, ಕೆಟ್ಟದ್ದು ಪಕ್ಕದ್ದನ್ನೂ ಕೆಡಿಸುತ್ತದೆ. ಇನ್ನೊಂದು ಕಡೆ, ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಗಳು ಸೋಲುತ್ತವೆ. ಮೊದಲು ಗಂಟೋ ಮೊದಲು ಸೋಲೋ ಎಂದು ದೊಡ್ಡವರು ವಾದಿಸುತ್ತಲೇ ಇದ್ದರು. ನಾನು ನಿವೃತ್ತಳಾಗುವಾಗಲೂ ಆ ವಾದ ಮುಗಿದಿರಲಿಲ್ಲ.

ಮನುಷ್ಯನಿಗೆ ಮೂವತ್ತು ವರ್ಷ ಹಿಡಿಯುವುದು ನೊಣಕ್ಕೆ ಮೂವತ್ತು ದಿನದಲ್ಲಿ ಆಗುತ್ತದೆ. ಆದ್ದರಿಂದ ಸಿನ್ಯೂಕ್ಲಿನ್ ತಯಾರಿಸುವ ಮನುಷ್ಯನ ಜೀನನ್ನು ನೊಣಕ್ಕೆ ಸೇರಿಸಿರುತ್ತಾರೆ. ಅಂಥ ನೊಣ ವಯಸ್ಸಾಗುತ್ತ ನಡಿಗೆ ಕಳೆದುಕೊಳ್ಳುತ್ತದೆ. ನೋಡುವ ಬಗೆ ಸುಲಭ. ನೊಣಗಳನ್ನು ಉದ್ದ ಕೊಳವೆಯಲ್ಲಿ ಹಾಕಿ ಮೇಜಿನ ಮೇಲೆ ಮೆತ್ತಗೆ ಕುಟ್ಟಿದರೆ ಎಲ್ಲ ತಳಕ್ಕೆ ಬೀಳುತ್ತವೆ. ಆರೋಗ್ಯವಾಗಿರುವ ನೊಣ ಕೂಡಲೇ ಮೇಲಕ್ಕೆ ಓಡುತ್ತದೆ, ಅದರ ಸ್ವಭಾವವೇ ಅದು. ಕಾಯಿಲೆಯದು ಅರ್ಧಕ್ಕೆ ನಿಲ್ಲುತ್ತದೆ, ಜಾರುತ್ತದೆ, ತಳದಲ್ಲೇ ಕಾಲು ಆಡಿಸುತ್ತ ಕೂರುತ್ತದೆ. ಹತ್ತು ಸೆಕೆಂಡಿನಲ್ಲಿ ಕೊಳವೆಯ ಮೇಲೆ ಎಳೆದ ಗೆರೆಯನ್ನು ಎಷ್ಟು ನೊಣ ದಾಟಿದವು ಎಂದು ಎಣಿಸಬೇಕು. ಮೊದಮೊದಲು ಒಬ್ಬರು ಸ್ಟಾಪ್‌ವಾಚ್ ಹಿಡಿದು ಇನ್ನೊಬ್ಬರು ಕಣ್ಣಲ್ಲೇ ಎಣಿಸುತ್ತಿದ್ದೆವು. ಆಮೇಲೆ ಕ್ಯಾಮೆರಾ ಬಂತು, ಅದಾದ ಮೇಲೆ ಎಣಿಕೆಯನ್ನೂ ಕಂಪ್ಯೂಟರೇ ಮಾಡತೊಡಗಿತು. ನೊಣಗಳನ್ನು ಮಲಗಿಸಲು ನಮ್ಮ ತಲೆ ಸಿಡಿಸುವ ಈಥರ್ ಹೋಗಿ, ಸಣ್ಣ ತೂತುಗಳಿಂದ ಗ್ಯಾಸು ಬಿಡುವ ಹಲಗೆ ಬಂತು. ಕೊನೆಯ ವರ್ಷಗಳಲ್ಲಿ ರೋಗಿಗಳ ರಕ್ತದ ಕೋಶಗಳನ್ನು ತಟ್ಟೆಯಲ್ಲಿ ನರಕೋಶಗಳಾಗಿ ಬೆಳೆಸುವುದನ್ನೂ ನೋಡಿದೆ. ಇಷ್ಟೆಲ್ಲ ಬಂದರೂ ಬದಲಾಗದೆ ಉಳಿದದ್ದು ಒಂದೇ: ಯಾವ ಬಾಟಲಿಯಲ್ಲಿ ಯಾವ ನೊಣ ಇದೆ ಎಂದು ಒಬ್ಬರಿಗೆ ಖಚಿತವಾಗಿ ಗೊತ್ತಿರಬೇಕು.

ಇಲ್ಲಿ ಶೆಟ್ಟರ ಮಾತು ಹೇಳಬೇಕು. ಸಂಸ್ಥೆಯ ಗೇಟಿನ ಎದುರಿಗೆ ಅವರ ಹೋಟೆಲು. ಕುಂದಾಪುರದ ಕಡೆಯವರು, ಹುಡುಗರಾಗಿದ್ದಾಗಲೇ ಪುಣೆಗೆ ಬಂದು ಹೋಟೆಲು ಕಟ್ಟಿದವರು. ಕೆಳಗೆ ಹೋಟೆಲು, ಮೇಲೆ ಮನೆ. ಅವರ ಹೆಂಡತಿ ವಸಂತಿ ನನಗೆ ಗೆಳತಿ. ಅವರ ಕನ್ನಡ ನನಗೆ, ನನ್ನ ಕನ್ನಡ ಅವರಿಗೆ ತಮಾಷೆ. ಮಧ್ಯಾಹ್ನದ ಚಹಾ ಅಲ್ಲೇ.

ಒಂದು ದಿನ ಇಡ್ಲಿ ಹಿಟ್ಟು ಹುಳಿಯೇರಿ ನಾರುತ್ತಿತ್ತು. ಬಾಗಿಲಿಗೆ ಬಂದವರಿಗೂ ಗೊತ್ತಾಗುವಂತಿತ್ತು. ಶೆಟ್ಟರು ಮಾತ್ರ ಹಿಟ್ಟು ಸರಿಯಾಗಿದೆ ಎಂದು ಅಡುಗೆಯವನೊಂದಿಗೆ ಜಗಳಕ್ಕೆ ನಿಂತಿದ್ದರು. ಮೂವತ್ತು ವರ್ಷ ಮೂಗಿನಿಂದಲೇ ಸಾಂಬಾರಿನ ಹದ ಹೇಳಿದ ಮನುಷ್ಯ. ಕೈ ನಡುಗುವ ಎಷ್ಟೋ ವರ್ಷ ಮೊದಲೇ ಕೆಲವರಿಗೆ ವಾಸನೆ ಹೋಗುತ್ತದೆ ಎಂದು ಮೇಡಂ ಹೇಳಿದ್ದು ನನಗೆ ನೆನಪಾಯಿತು. ವಾಸನೆ ಹೋದವರಿಗೆಲ್ಲ ಇದೇ ಕಾಯಿಲೆ ಎಂದೇನಿಲ್ಲ, ನೆಗಡಿಯೂ ಇರಬಹುದು. ಸುಮ್ಮನಿದ್ದೆ. ಮರುವರ್ಷ ನೋಡಿದರೆ, ಅವರು ಬೆಳಿಗ್ಗೆ ಕರಿಹಲಗೆಯ ಮೇಲೆ ಬರೆಯುವ ತಿಂಡಿಗಳ ಪಟ್ಟಿಯಲ್ಲಿ ಅಕ್ಷರಗಳು ಕೆಳಗೆ ಹೋಗುತ್ತ ಹೋಗುತ್ತ ಸಣ್ಣದಾಗುತ್ತಿದ್ದವು. ಮೇಲೆ ಇಡ್ಲಿ ಗುಂಡಗೆ, ಕೊನೆಯಲ್ಲಿ ಕಾಫಿ ಓದಲಾಗದಷ್ಟು ಚಿಕ್ಕದು. ಅಂದು ವಸಂತಿಗೆ ಹೇಳಿದೆ, ನರರೋಗದ ಡಾಕ್ಟರಿಗೆ ತೋರಿಸಿ ಎಂದು. ಶೆಟ್ಟರು ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ಆಮೇಲೆ ತೋರಿಸಿದರು. ಪಾರ್ಕಿನ್ಸನ್ಸೇ ಆಗಿತ್ತು.

ಮಾತ್ರೆಗಳು ಶುರುವಾದವು. ಕಡಿಮೆಯಾದ ಡೋಪಮೈನನ್ನು ತುಂಬಿಕೊಡುವ ಮಾತ್ರೆ. ಅದು ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಮನುಷ್ಯನನ್ನು ಓಡಾಡಿಸುತ್ತದೆ. ಶೆಟ್ಟರು ಮತ್ತೆ ಗಲ್ಲಾದಲ್ಲಿ ಕೂತರು. ನಮ್ಮ ಅಧ್ಯಯನಕ್ಕೆ ರಕ್ತವನ್ನೂ ಕೊಟ್ಟರು. ಹೊತ್ತು ತಪ್ಪದೆ ಮಾತ್ರೆ, ಹೊಟ್ಟೆ ತೊಳಸು, ಕೆಲವೊಮ್ಮೆ ಕೈ ತಾನಾಗಿ ತಿರುಚುವುದು, ಇವೆಲ್ಲ ಅವರಿಗೆ ಬೇಸರ ತಂದಿದ್ದವು. ನನ್ನನ್ನು ಕಂಡಾಗಲೆಲ್ಲ ನೊಣಗಳ ಸಮಾಚಾರ ಕೇಳುತ್ತಿದ್ದರು.

ಚೈತ್ರಾ ಬಂದದ್ದು ಆಗ. ಮಗರಪಟ್ಟಾದಲ್ಲಿ ಐ.ಟಿ. ಕೆಲಸದ ಮೂವರು ಗೆಳತಿಯರ ಜೊತೆ ಕೋಣೆ ಮಾಡಿಕೊಂಡಿದ್ದಳು. ಅವರೆಲ್ಲ ಸಂಬಳ ಎಣಿಸುತ್ತಿದ್ದರೆ ತಾನು ನೊಣ ಎಣಿಸುತ್ತಿದ್ದೇನೆ ಎಂದು ನಗುತ್ತಿದ್ದಳು. ಅವಳ ವಿಷಯ, ಒಂದು ಬೇರಿನಿಂದ ತೆಗೆದ ವಸ್ತು ಸಿನ್ಯೂಕ್ಲಿನ್ ಗಂಟುಗಳನ್ನು ಕರಗಿಸುತ್ತದೆಯೇ ಎಂದು ನೋಡುವುದು. ಆ ಬೇರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಯಾಕೆ ಎಂದು ಮುಂದೆ ತಿಳಿಯುತ್ತದೆ. ಅರ್ಧದಷ್ಟು ಕಾಯಿಲೆ ನೊಣಗಳಿಗೆ ಬರಿ ಗಂಜಿ, ಇನ್ನರ್ಧಕ್ಕೆ ಬೇರಿನ ವಸ್ತು ಬೆರೆಸಿದ ಗಂಜಿ. ಮೂವತ್ತು ದಿನದ ಮೇಲೆ ಕೊಳವೆ ಕುಟ್ಟಿ ನೋಡುವುದು.

ಫಲಿತಾಂಶ ಬಂದ ದಿನ ನಾವೆಲ್ಲ ಕಂಪ್ಯೂಟರಿನ ಮುಂದೆ ನಿಂತಿದ್ದೆವು. ಬರಿ ಗಂಜಿಯ ನೊಣಗಳು ತಳದಲ್ಲಿ, ಬೇರಿನ ಗಂಜಿಯವು ಗೋಡೆ ಹತ್ತಿ ಬಿರಡೆಯ ತನಕ. ಎರಡನೆಯ ಸಲವೂ ಹಾಗೇ. ಆಮೇಲೆ ಚೈತ್ರಾ ನೊಣಗಳ ತಲೆಗಳನ್ನು ಅರೆದು ಪ್ರೋಟೀನಿನ ಪರೀಕ್ಷೆ ಮಾಡಿದಳು. ಎಷ್ಟು ಪ್ರೋಟೀನು ಇದೆಯೋ ಅಷ್ಟು ದಪ್ಪ ಕಪ್ಪು ಪಟ್ಟಿ ಕಾಣಿಸಬೇಕು. ಬೇರು ತಿಂದ ನೊಣಗಳಲ್ಲಿ ಪಟ್ಟಿ ಅರ್ಧಕ್ಕರ್ಧ ಮಸುಕಾಗಿತ್ತು. ಬೇರು ಪ್ರೋಟೀನನ್ನು ತೆಗೆದುಹಾಕುತ್ತಿದೆ ಎಂದೇ ಎಲ್ಲರೂ ಓದಿಕೊಂಡೆವು. ಎಂದೂ ಹೆಚ್ಚು ಮಾತಾಡದ ಮೇಡಂ ಅಂದು ಎಲ್ಲರಿಗೂ ಪೇಢೆ ತರಿಸಿದರು. ಪ್ರಬಂಧ ಬರೆಯುವ ಕೆಲಸ ಶುರುವಾಯಿತು.

ಪೇಢೆ ತಿಂದ ಬಾಯಲ್ಲೇ ನಾನು ಎದುರಿನ ಹೋಟೆಲಿಗೆ ಹೋದೆ.

“ಎಂತ ಇಂದಮ್ಮ, ಇವತ್ತು ಮುಖ ಭಾರಿ ಖುಷಿ ಉಂಟಲ್ಲ?” ಎಂದು ಶೆಟ್ಟರು ಕೇಳಿದರು.

ಹೇಳಬಾರದಿತ್ತು. ಅಚ್ಚಾಗದ, ಯಾರೂ ಒರೆಗೆ ಹಚ್ಚದ ವಿಷಯವನ್ನು ಗೇಟಿನ ಹೊರಗೆ ಆಡಬಾರದು ಎಂದು ಹೊಸಬರಿಗೆ ಬುದ್ಧಿ ಹೇಳುತ್ತಿದ್ದವಳು ನಾನೇ. ಆದರೂ ಹೇಳಿದೆ. ನೊಣಗಳು ಹತ್ತುತ್ತಿವೆ ಎಂದೆ. ಬೇರಿನ ಹೆಸರನ್ನೂ ಹೇಳಿದೆ. ಅವರು ಅದನ್ನು ಎರಡು ಸಲ ಕೇಳಿಕೊಂಡದ್ದು ನನಗೆ ಆಗ ಏನೂ ಅನ್ನಿಸಲಿಲ್ಲ.

ಅದಾಗಿ ಎರಡು ವಾರ ಕಳೆದಿರಬೇಕು. ಪ್ರಬಂಧ ಮುಂದಿನ ಸೋಮವಾರ ಪತ್ರಿಕೆಯೊಂದಕ್ಕೆ ಹೋಗುವುದಿತ್ತು. ಶುಕ್ರವಾರ ಬೆಳಿಗ್ಗೆ, ಇನ್ನೊಂದು ಪರೀಕ್ಷೆಗಾಗಿ ನೊಣಗಳನ್ನು ವಿಂಗಡಿಸಿಕೊಡಲು ಚೈತ್ರಾ ಹೇಳಿದ್ದಳು. ಬೇರು ತಿಂದ ಗುಂಪನ್ನು ಗ್ಯಾಸಿನಿಂದ ಮಲಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಕುಂಚದಿಂದ ಒಂದೊಂದನ್ನೇ ಸರಿಸುತ್ತಿದ್ದೆ. ಹೊಸ ದೀಪ ಹಾಕಿದ್ದರು, ಬೆಳಕು ಚೆನ್ನಾಗಿತ್ತು. ಆ ಗುಂಪಿನ ಎಷ್ಟೋ ನೊಣಗಳ ಕಣ್ಣು ಇಟ್ಟಿಗೆಯಷ್ಟು ಕೆಂಪಗಿದ್ದವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಯಿಲೆಯ ನೊಣಗಳ ಮೂಲ ವಂಶದ ಕಣ್ಣು ಬಿಳಿ. ಮನುಷ್ಯನ ಜೀನನ್ನು ಸೇರಿಸುವಾಗ ಗುರುತಿಗೆಂದು ಅದರ ಜೊತೆ ಕಣ್ಣಿಗೆ ಬಣ್ಣ ಕೊಡುವ ಜೀನನ್ನೂ ಕಟ್ಟಿರುತ್ತಾರೆ. ಹಾಗಾಗಿ ನಮ್ಮ ನೊಣಗಳ ಕಣ್ಣು ಕಿತ್ತಳೆ. ಇಟ್ಟಿಗೆ ಕೆಂಪು ಕಣ್ಣು ಹೊರಗಿನ ಸಾದಾ ನೊಣದ್ದು. ಅಂಥದ್ದೊಂದು ಬಾಟಲಿಯೊಳಗೆ ನುಸುಳಿದರೆ ನಾಲ್ಕೈದು ಪೀಳಿಗೆಯಲ್ಲಿ ಬಾಟಲಿ ಅದರದೇ ಆಗುತ್ತದೆ. ಆರೋಗ್ಯವಂತ ನೊಣ ಹೆಚ್ಚು ಮೊಟ್ಟೆ ಇಡುತ್ತದೆ, ಕಾಯಿಲೆಯದು ಹಿಂದೆ ಬೀಳುತ್ತದೆ.

ಕುಂಚ ಕೆಳಗಿಟ್ಟೆ. ಐದು ತಿಂಗಳ ಹಿಂದಿನ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂತು. ಪ್ರತಿಯೊಂದು ವಂಶವನ್ನೂ ನಾವು ಎರಡು ಟ್ರೇಗಳಲ್ಲಿ ಇಡುತ್ತಿದ್ದೆವು, ಒಂದು ಹೋದರೆ ಇನ್ನೊಂದಿರಲಿ ಎಂದು. ಅಕ್ಕನ ಮಗಳ ಮದುವೆಗೆ ವಿಜಯಪುರದ ಹತ್ತಿರದ ಇಂಡಿಗೆ ಹೊರಡುವ ದಿನ ಎರಡನೆಯ ಟ್ರೇಯ ಬಾಟಲಿಯಲ್ಲಿ ಎರಡು ಮೂರು ನೊಣಗಳ ಕಣ್ಣು ಗಾಢವಾಗಿ ಕಂಡಿದ್ದವು. ಕಿತ್ತಳೆ ಕಣ್ಣು ವಯಸ್ಸಾದಂತೆ ಸ್ವಲ್ಪ ಕಪ್ಪಾಗುವುದುಂಟು. ಮುದಿ ನೊಣಗಳಿರಬೇಕು ಅಂದುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಬಾಟಲಿಯನ್ನು ಹಾಗೇ ಮುಚ್ಚಿಟ್ಟಿದ್ದೆ. ಹಿಂತಿರುಗಿ ಎರಡು ತಿಂಗಳಾದ ಮೇಲೆ ಚೈತ್ರಾಳಿಗೆ ಬಹಳ ನೊಣ ಬೇಕಾಗಿದ್ದವು. ಚೀಟಿ ಅಂಟಿಸಲು ಸುಲಭವಾಗುತ್ತದೆಂದು ಮೊದಲ ಟ್ರೇಯದ್ದನ್ನು ಬರಿ ಗಂಜಿಗೂ ಎರಡನೆಯ ಟ್ರೇಯದ್ದನ್ನು ಬೇರಿನ ಗಂಜಿಗೂ ಕೊಟ್ಟವಳು ನಾನೇ. ಎರಡನ್ನೂ ಕಲಸಿ ಹಂಚಬೇಕಾಗಿತ್ತು.

ಬೇರು ಯಾವ ಗಂಟನ್ನೂ ಕರಗಿಸಿರಲಿಲ್ಲ. ಆ ನೊಣಗಳಲ್ಲಿ ಎಷ್ಟೋ ನೊಣಗಳಿಗೆ ಕಾಯಿಲೆಯ ಜೀನೇ ಇರಲಿಲ್ಲ. ಹತ್ತಿದ್ದು ಅದಕ್ಕೆ. ಪಟ್ಟಿ ಮಸುಕಾಗಿದ್ದೂ ಅದಕ್ಕೆ.

ಅರ್ಧ ಗಂಟೆ ಆ ಸ್ಟೂಲಿನ ಮೇಲೇ ಕೂತಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಆ ಟ್ರೇಯನ್ನು ಬಿಸಿನೀರಿಗೆ ಹಾಕಿಬಿಟ್ಟರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಈ ಯೋಚನೆ ನನಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಸಾಳುಂಖೆಯ ಮುಖವೂ ಬಂತು.

ಚೈತ್ರಾಳನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಎರಡೂ ಗುಂಪುಗಳನ್ನು ಅಕ್ಕಪಕ್ಕ ಇಟ್ಟು, ಏನು ಆಗಿದೆ, ಯಾರು ಮಾಡಿದ್ದು ಎಂದು ಮೊದಲಿನಿಂದ ಹೇಳಿದೆ. ಅವಳು ಕುಂಚ ತೆಗೆದುಕೊಂಡು ಕೆಂಪು ಕಣ್ಣಿನವನ್ನು ಒಂದೊಂದಾಗಿ ಎಣಿಸಿದಳು.

“ನೀವು ಹೇಳ್ದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಲ್ವಾ?” ಎಂದಳು ಕೊನೆಗೆ.

“ಹೌದವಾ. ಗೊತ್ತಾಗ್ತಿರಲಿಲ್ಲ.”

“ಎರಡು ವರ್ಷದ ಕೆಲ್ಸ ಇದು, ಇಂದೂತಾಯಿ.”

“ಗೊತ್ತದ. ನಂದs ತಪ್ಪು. ಮೇಡಂಗ ನಾನs ಹೇಳ್ತೀನಿ, ನೀ ಜೋಡಿ ಬಾ ಅಷ್ಟ.”

ಅವಳು ಅತ್ತಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ, ಆ ಹಕ್ಕು ನನಗಿರಲಿಲ್ಲ. ಮುಖ ತೊಳೆದುಕೊಂಡು ಬಂದು, ನಡೀರಿ ಎಂದಳು.

ಮೇಡಂ ಪೂರ್ತಿ ಕೇಳಿದರು. ಒಂದೇ ಒಂದು ಪ್ರಶ್ನೆ ಕೇಳಿದರು, ಬಾಟಲಿಗಳನ್ನು ಹಂಚಿದ್ದು ಯಾರು ಎಂದು. ನಾನು ಎಂದೆ. ಅವರು ಎದ್ದು ನೊಣದ ಕೋಣೆಗೆ ಬಂದು ತಾವೇ ನೋಡಿದರು. ಆಮೇಲೆ ರಿಜಿಸ್ಟರ್ ತರಿಸಿ, ಆದದ್ದನ್ನೆಲ್ಲ ಅದರಲ್ಲಿ ನನ್ನ ಕೈಯಲ್ಲೇ ಬರೆಸಿದರು. ನನ್ನ ಸಹಿಯ ಕೆಳಗೆ ತಾವೂ ಸಹಿ ಮಾಡಿದರು. ಯಾಕೆ ಎನ್ನುವಂತೆ ನಾನು ಅವರ ಮುಖ ನೋಡಿದೆ. ಇಷ್ಟು ಒಳ್ಳೆಯ ಫಲಿತಾಂಶ ಬಂದಾಗ ಎರಡೂ ಗುಂಪು ಎಲ್ಲಿಂದ ಬಂದವು ಎಂದು ಕೇಳಬೇಕಾದವರು ತಾವು, ಅದು ನಿಜವಾಗಿರಲಿ ಎಂದು ತಮಗೆ ಆಸೆ ಇತ್ತು, ಅದಕ್ಕೇ ಕೇಳಲಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಪ್ರಬಂಧ ಸೋಮವಾರ ಹೋಗುವುದಿಲ್ಲ ಎಂದೂ ಹೇಳಿದರು. ಬೈಗುಳವಿಲ್ಲ, ಕೂಗಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಗೇಟಿನ ಹೊರಗೆ ಬರುವಾಗ ಐದು ಗಂಟೆ. ಎದುರಿಗೆ ಹೋಟೆಲು ಕಂಡಿತು, ಪ್ರಬಂಧದ ಗಡಿಬಿಡಿಯಲ್ಲಿ ಆ ವಾರ ಚಹಾಕ್ಕೂ ಹೋಗಿರಲಿಲ್ಲ. ನೊಣಗಳು ಹತ್ತುತ್ತಿವೆ ಎಂದು ಅಲ್ಲಿ ಹೇಳಿದ್ದು ನೆನಪಾಯಿತು. ಮೇಡಂಗೆ ಹೇಳಿದ ಮೇಲೆ ಶೆಟ್ಟರಿಗೆ ಹೇಳುವುದು ಏನು ಕಷ್ಟ ಎಂದುಕೊಂಡು ರಸ್ತೆ ದಾಟಿದೆ. ಗಲ್ಲಾದಲ್ಲಿ ಅಡುಗೆಯವನು ಕೂತಿದ್ದ. ಸಾಹುಕಾರರು ಮೂರು ದಿನದಿಂದ ಕೆಳಗೆ ಇಳಿದಿಲ್ಲ ಎಂದ. ಮೆಟ್ಟಿಲು ಹತ್ತಿದೆ. ವಸಂತಿ ಬಾಗಿಲು ತೆರೆದಳು. ಅವಳ ಕೈಯಲ್ಲಿ ಒಂದು ಲೋಟ, ಅದರಲ್ಲಿ ಕಂದು ಬಣ್ಣದ ಕಷಾಯ.

“ಮಾತ್ರೆ ಬಿಟ್ಟು ನಾಲ್ಕು ದಿನ ಆಯ್ತು ಅಕ್ಕ. ನೀವು ಹೇಳಿದ ಬೇರೇ ಸಾಕಂತೆ. ಇವತ್ತು ಇದನ್ನೂ ನುಂಗ್ಲಿಕ್ಕೆ ಆಗ್ತಾ ಇಲ್ಲ ಅವರಿಗೆ.”

ಶೆಟ್ಟರು ಮಂಚದ ಮೇಲೆ ಕೊರಡಿನಂತೆ ಮಲಗಿದ್ದರು. ಕೈ ಹಿಡಿದರೆ ಮಡಿಸಲು ಬರುವುದಿಲ್ಲ. ಹಣೆ ಸುಡುತ್ತಿತ್ತು. ಮಾತಾಡಲು ಹೋದರೆ ತುಟಿ ಮಾತ್ರ ಅಲುಗುತ್ತಿತ್ತು, ಕಣ್ಣು ನನ್ನನ್ನೇ ನೋಡುತ್ತಿತ್ತು. ಆ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಬಾರದು ಎಂದು ರಕ್ತ ಕೊಡಲು ಬಂದ ಎಷ್ಟೋ ರೋಗಿಗಳ ಮನೆಯವರಿಗೆ ಮೇಡಂ ಹೇಳಿದ್ದನ್ನು ನಾನು ಲ್ಯಾಬಿನಲ್ಲಿ ಕೇಳಿದ್ದೆ. ಟ್ಯಾಕ್ಸಿ ಕರೆಸಿದೆ. ಅಡುಗೆಯವನೂ ಇನ್ನಿಬ್ಬರೂ ಸೇರಿ ಅವರನ್ನು ಕುರ್ಚಿಯ ಸಮೇತ ಕೆಳಗಿಳಿಸಿದರು. ಟ್ಯಾಕ್ಸಿಯಲ್ಲಿ ವಸಂತಿಗೆ ಎಲ್ಲವನ್ನೂ ಹೇಳಿದೆ. ಬೇರು ಕೆಲಸ ಮಾಡಿಲ್ಲ, ನೊಣಗಳೇ ಬೇರೆಯಾಗಿದ್ದವು, ತಪ್ಪು ನನ್ನದು ಎಂದೆ. ಅವಳು ಗಂಡನ ತಲೆಯನ್ನು ಹೆಗಲಿಗೆ ಆನಿಸಿ ಹಿಡಿದುಕೊಂಡಿದ್ದಳು.

ಆಸ್ಪತ್ರೆಯ ವೈದ್ಯೆಗೆ ನಾಲ್ಕು ದಿನದ ಲೆಕ್ಕ, ಬಿಟ್ಟ ಮಾತ್ರೆ, ಕುಡಿದ ಕಷಾಯ, ಅದರ ಹೆಸರು ಹೇಳಿದ್ದು ಯಾರು ಎಂಬುದನ್ನೂ ಹೇಳಿದೆ. ಆಕೆ ನನ್ನನ್ನು ಒಮ್ಮೆ ನೋಡಿ ಕೆಲಸಕ್ಕೆ ತೊಡಗಿದರು. ಮೂಗಿನ ಕೊಳವೆಯಿಂದ ಔಷಧ ಹೋಯಿತು. ಇನ್ನೆರಡು ದಿನ ಬಿಟ್ಟಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ಕೈಮೀರುತ್ತಿತ್ತು ಎಂದು ಆಮೇಲೆ ತಿಳಿಯಿತು. ಆ ಮಾತು ಕೇಳಿದಾಗ ನಾನು ಯೋಚಿಸಿದ್ದು ಒಂದನ್ನೇ. ಅಂದು ಬೆಳಿಗ್ಗೆ ಟ್ರೇಯನ್ನು ಬಿಸಿನೀರಿಗೆ ಹಾಕಿದ್ದರೆ, ಸಂಜೆ ನಾನು ರಸ್ತೆ ದಾಟುತ್ತಿರಲಿಲ್ಲ.

ಶನಿವಾರ ಕಳೆಯಿತು. ಭಾನುವಾರ ಮಧ್ಯಾಹ್ನ ನಾನು ಹೋದಾಗ ಜ್ವರ ಇಳಿದಿತ್ತು. ಶೆಟ್ಟರು ಬೆರಳು ಮಡಿಸಿ ಬಿಡಿಸಿ ನೋಡಿಕೊಳ್ಳುತ್ತಿದ್ದರು. ನನ್ನನ್ನು ಕಂಡ ಕೂಡಲೇ ಹೆಂಡತಿಯ ಕಡೆ ತಿರುಗಿ, ತೊದಲುತ್ತಲೇ ಕೇಳಿದರು:

“ಗಲ್ಲಾದಲ್ಲಿ ಯಾರು ಕೂತದ್ದು?”

ವಸಂತಿ ಮೂರು ದಿನದಲ್ಲಿ ಮೊದಲ ಸಲ ನಕ್ಕಳು. ನಾನು ಹೊರಗೆ ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಎದೆಯಿಂದ ಏನೋ ಇಳಿದಂತಾಗಿ, ಯಾರು ನೋಡುತ್ತಾರೆ ಎಂಬ ಪರಿವೆಯಿಲ್ಲದೆ ಸೆರಗು ಬಾಯಿಗೆ ಹಿಡಿದು ಅತ್ತೆ. ಅಂಥ ಅಳು ಒಳ್ಳೆಯದು. ಅತ್ತಾದ ಮೇಲೆ ಹಸಿವಾಗುತ್ತದೆ.

ಅವರು ಮನೆಗೆ ಬಂದ ಮೇಲೆ ಕ್ಷಮೆ ಕೇಳಲು ಹೋದೆ. ಮಾತು ಮುಗಿಸಲು ಬಿಡಲಿಲ್ಲ.

“ಬೇರು ಒಳ್ಳೇದು ಅಂತ ನೀವು ಹೇಳಿದ್ದು, ನಂಬಿದೆ. ಬೇಡ ಅಂತ ಹೇಳ್ಲಿಕ್ಕೆ ಬಂದದ್ದು ಸಹ ನೀವೇ. ಅದನ್ನೂ ನಂಬ್ತೇನೆ. ಮಾತ್ರೆ ಬಿಟ್ಟದ್ದು ನನ್ನ ಬುದ್ಧಿ, ಅದನ್ನು ನಿಮ್ಮ ತಲೆ ಮೇಲೆ ಹಾಕ್ಬೇಡಿ ಮಾರಾಯ್ರೆ.”

ಲ್ಯಾಬಿನಲ್ಲಿ ಎರಡನೆಯ ಟ್ರೇಯನ್ನು ನಾಶಮಾಡಿ, ಮೊದಲನೆಯದರಿಂದ ಹೊಸದಾಗಿ ವಂಶ ಬೆಳೆಸಿದೆ. ಎಲ್ಲ ಪ್ರಯೋಗ ಮತ್ತೆ ಮಾಡಿದೆವು. ಈ ಸಲ ಯಾವ ಕೊಳವೆಯಲ್ಲಿ ಬೇರು ಇದೆ, ಯಾವುದರಲ್ಲಿ ಇಲ್ಲ ಎಂದು ಎಣಿಸುವ ಚೈತ್ರಾಳಿಗೆ ಗೊತ್ತಿರಲಿಲ್ಲ. ಕೊಳವೆಗಳ ಮೇಲೆ ಬರಿ ಸಂಖ್ಯೆ. ಸಂಖ್ಯೆಯ ಗುಟ್ಟು ಇದ್ದ ಹಾಳೆ ಮೇಡಂ ಹತ್ತಿರ. ಅದನ್ನು ನೀವೇ ಇಟ್ಟುಕೊಳ್ಳಿ ಎಂದು ಮೇಡಂ ಹೇಳಿದಾಗ ನಾನು ಬೇಡವೆಂದೆ. ಅವರು ಒಂದು ವಾರ ಬಿಟ್ಟು ಮತ್ತೆ ಕೇಳಿದರು. ಆಗ ಇಟ್ಟುಕೊಂಡೆ. ನನ್ನ ಮೇಲೆ ಅವರಿಗೆ ನಂಬಿಕೆ ಹೋಗಿಲ್ಲ ಎಂದು ತಿಳಿದದ್ದು ಹಾಗೆ.

ಗುಟ್ಟು ಒಡೆದ ದಿನ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಬೇರು ಏನೂ ಮಾಡುವುದಿಲ್ಲ. ಚೈತ್ರಾ ಅದನ್ನೇ ಬರೆದಳು, ತಪ್ಪು ಹೇಗಾಯಿತು ಎಂಬುದನ್ನೂ ಬರೆದಳು. ದೊಡ್ಡ ಪತ್ರಿಕೆಯೇನೂ ತೆಗೆದುಕೊಳ್ಳಲಿಲ್ಲ, ಸಣ್ಣದೊಂದರಲ್ಲಿ ಬಂತು. ಉಳಿದ ಎರಡು ವರ್ಷ, ಕೆಟ್ಟ ಮೈಟೊಕಾಂಡ್ರಿಯವನ್ನು ಕೋಶ ಹೇಗೆ ಹೊರಹಾಕುತ್ತದೆ ಎಂಬುದರ ಮೇಲೆ ಕೆಲಸ ಮಾಡಿ ಪದವಿ ಪಡೆದಳು. ಆ ಕೆಲಸ ಗಟ್ಟಿಯಾದದ್ದು. ಮೊದಲಿನದು ಅಚ್ಚಾಗಿ, ಇನ್ನೊಂದು ದೇಶದವರು ಮಾಡಿ ನೋಡಿ ಆ ಫಲಿತಾಂಶ ಬರಲಿಲ್ಲ ಎಂದಿದ್ದರೆ ತನ್ನ ಗತಿ ಏನಾಗುತ್ತಿತ್ತು ಎಂದು ಅವಳು ಹೊರಡುವ ದಿನ ಕೇಳಿದಳು. ನಾನು ಅವಳ ಚೀಲ ಎತ್ತಿಕೊಂಡು ಗೇಟಿನವರೆಗೆ ಜೊತೆಗೆ ನಡೆದೆ.

ಶೆಟ್ಟರು ಈಗಲೂ ಇದ್ದಾರೆ. ಕಾಯಿಲೆ ತನ್ನ ಹಾದಿಯಲ್ಲಿ ನಡೆದಿದೆ, ನಿಧಾನವಾಗಿ. ವಾರಕ್ಕೆ ಎರಡು ದಿನ ರೋಗಿಗಳ ವ್ಯಾಯಾಮದ ಗುಂಪಿಗೆ ಹೋಗುತ್ತಾರೆ, ಹೋಟೆಲನ್ನು ವಸಂತಿ ನೋಡಿಕೊಳ್ಳುತ್ತಾಳೆ. ಔಷಧ ಯಾವಾಗ ಬರುತ್ತದೆ ಎಂದು ಯಾರಾದರೂ ನನ್ನನ್ನು ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಹಾಗೆ ಹೇಳುವಾಗ ಮೊದಲಿನಂತೆ ನಾಚಿಕೆಯಾಗುವುದಿಲ್ಲ.

ನನ್ನ ಜಾಗಕ್ಕೆ ಅಕ್ಕಲಕೋಟೆಯ ಕಡೆಯ ರೇಷ್ಮಾ ಎಂಬ ಹೆಣ್ಣುಮಗಳು ಬಂದಿದ್ದಾಳೆ. ಮನೆಯಲ್ಲಿ ಕನ್ನಡ ಆಡುವವಳು. ಹೊರಡುವ ಮೊದಲು ಎರಡು ತಿಂಗಳು ಅವಳಿಗೆ ಕೆಲಸ ಕಲಿಸಿದೆ. ಗಂಜಿಯ ಹದ, ಕಣ್ಣಿನ ಬಣ್ಣ, ಎರಡು ಟ್ರೇಗಳನ್ನು ಕಲಸಿ ಹಂಚುವುದು, ಎಲ್ಲ. ಈ ಕಥೆಯನ್ನೂ ಹೇಳಿದ್ದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಿದ್ದಳು, ಮನಸ್ಸಿಗೆ ಹೋಯಿತೋ ಇಲ್ಲವೋ ನನಗೆ ಗೊತ್ತಾಗಿರಲಿಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ ಅವಳ ಫೋನು ಬಂತು. ಇನ್‌ಕ್ಯುಬೇಟರಿನ ಬಾಗಿಲು ಸರಿಯಾಗಿ ಹಾಕದೆ ಹೋಗಿದ್ದಳಂತೆ. ಒಂದು ಇಡೀ ಸಾಲು ನೊಣಗಳಿಗೆ ಸೆಕೆ ತಟ್ಟಿದೆ, ಯಾರದೋ ಒಂದು ತಿಂಗಳ ಪ್ರಯೋಗ ಹಾಳಾಗಿದೆ. ಅವಳು ಇನ್ನೂ ತಾತ್ಕಾಲಿಕ ನೌಕರಳು.

“ಮೇಡಂಗ ಹೇಳ್ಬೇಕವಾ ರೇಷ್ಮಾ. ಈಗಿಂದೀಗ ಹೋಗಿ ಹೇಳು,” ಎಂದೆ.

“ಹೇಳೀನ್ರಿ ತಾಯಿ,” ಎಂದಳು. “ಹೇಳಿ ಬಂದs ನಿಮಗ ಫೋನ್ ಮಾಡೀನಿ.”